ಖಾಲಿ ಮನೆಯಲ್ಲಿ ಸೊನ್ನೆ ಬರೆಯಬಾರದೇಕೆ?

ಜೂನ್ ತಿಂಗಳು ಸಮೀಪಿಸಿತೆಂದರೆ ಪಾಲಕರ ಕೈಗೆ ಶಾಲಾ ಪ್ರವೇಶದ ಅರ್ಜಿ ಬರುತ್ತದೆ. ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ತಾಯಿಯ ಹೆಸರು, ಜನ್ಮದಿನಾಂಕ, ಮಾತೃಭಾಷೆ, ರಕ್ತದ ಗುಂಪು, ಬ್ಯಾಂಕಿನ ಖಾತೆ. ಗೊತ್ತಿದ್ದುದನ್ನು ತುಂಬುತ್ತೇವೆ, ಗೊತ್ತಿಲ್ಲದುದನ್ನು ಹಾಗೆಯೇ ಬಿಡುತ್ತೇವೆ. ಅರ್ಜಿಯು ಕಾಗದದ ಮೇಲಿರುವ ತನಕ ಬಿಟ್ಟ ಮನೆಯು ಬಿಟ್ಟ ಮನೆಯಾಗಿಯೇ ಕಾಣುತ್ತದೆ. ಅದೇ ಅರ್ಜಿಯು ಗಣಕಯಂತ್ರವನ್ನು ಹೊಕ್ಕ ಮೇಲೆ ಆ ಖಾಲಿ ಮನೆಗೆ ಏನಾಗುತ್ತದೆ ಎಂಬುದು ಈ ವಾರದ ವಿಷಯ. ಪ್ರೋಗ್ರಾಮು ಬರೆಯಲು ಕಲಿಯುತ್ತಿರುವ ಮಕ್ಕಳಿಗೆ ಇದು ಪಾಠ. ಅರ್ಜಿ ತುಂಬುವ ಪಾಲಕರಿಗೆ ಇದು ಲೆಕ್ಕದ ಪ್ರಶ್ನೆ. ಆ ಲೆಕ್ಕದಲ್ಲಿ ನಮ್ಮ ಭಾಷೆಯ ಪಾಲೂ ಇದೆ ಎಂಬುದನ್ನು ಮುಂದೆ ನೋಡೋಣ.

ಮೊದಲಿಗೆ ನಮ್ಮೆಲ್ಲರ ಮನೆಯಲ್ಲಿರುವ ಒಂದು ಉದಾಹರಣೆ. ಹಿರಿಯರ ಶಾಲಾ ದಾಖಲೆಗಳನ್ನು ತೆಗೆದು ನೋಡಿರಿ. ಅವರಲ್ಲಿ ಅನೇಕರ ಜನ್ಮದಿನಾಂಕ ಜೂನ್ 1. ಕೃಷ್ಣೆಯ ಈಚೆಗೂ ಆಚೆಗೂ, ಕನ್ನಡದವರಲ್ಲಿಯೂ ಮರಾಠಿಯವರಲ್ಲಿಯೂ, ಒಂದೇ ದಿನ ಇಷ್ಟೊಂದು ಜನ ಹುಟ್ಟಿದ್ದು ಹೇಗೆ? ಎಲ್ಲರಿಗೂ ತಿಳಿದ ಸಂಗತಿಯೇ. ಮಗುವನ್ನು ಶಾಲೆಗೆ ಕರೆತಂದ ತಂದೆಗೆ ಹುಟ್ಟಿದ ದಿನ ನೆನಪಿರಲಿಲ್ಲ; ಯಾವುದೋ ಜಾತ್ರೆಯ ಹಿಂದುಮುಂದು ಎಂದಷ್ಟೇ ಗೊತ್ತು. ದಾಖಲಾತಿಯ ಪುಸ್ತಕದಲ್ಲಿ ಆ ಮನೆಯನ್ನು ಖಾಲಿ ಬಿಡುವಂತಿರಲಿಲ್ಲ. ಗುರುಗಳು ಮಗುವನ್ನೊಮ್ಮೆ ನೋಡಿ, ಶಾಲೆ ಆರಂಭವಾಗುವ ಹೊತ್ತಿಗೆ ವಯಸ್ಸು ಸರಿಯಾಗುವಂತೆ ಹಿಂದಕ್ಕೆ ಎಣಿಸಿ, ಜೂನ್ 1 ಎಂದು ಬರೆದರು.

ಆ ಗುರುಗಳನ್ನು ದೂಷಿಸಲಾಗದು. ಅವರು ಬರೆಯದೇ ಹೋಗಿದ್ದರೆ ಮಗುವಿಗೆ ಪ್ರವೇಶವೇ ದೊರೆಯುತ್ತಿರಲಿಲ್ಲ. ಆದರೆ ಆ ಪುಸ್ತಕವನ್ನು ಇಂದು ತೆರೆದವನಿಗೆ ಒಂದು ತೊಡಕುಂಟು. ನಿಜವಾಗಿ ಜೂನ್ 1ರಂದು ಹುಟ್ಟಿದ ಮಗು ಯಾವುದು, ದಿನಾಂಕ ಗೊತ್ತಿಲ್ಲದ ಕಾರಣ ಜೂನ್ 1 ಪಡೆದ ಮಗು ಯಾವುದು ಎಂಬುದನ್ನು ಯಾರೂ ಬಿಡಿಸಿ ಹೇಳಲಾರರು. ಎರಡೂ ಒಂದೇ ಮಸಿಯಲ್ಲಿ, ಒಂದೇ ಅಕ್ಷರದಲ್ಲಿವೆ. ಗೊತ್ತಿಲ್ಲ ಎಂಬ ಸತ್ಯವು ಅಳಿಸಿಹೋಗಿದೆ. ಖಾಲಿ ಮನೆಗೆ ಊಹೆಯನ್ನು ತುಂಬಿದಾಗ ಆಗುವ ನಷ್ಟ ಇದೇ: ತುಂಬಿದ್ದು ತಪ್ಪೆಂದು ಆಮೇಲೆ ಅನುಮಾನ ಬಂದರೂ, ಯಾವ ಯಾವ ಮನೆಯನ್ನು ಅನುಮಾನಿಸಬೇಕೆಂದು ತಿಳಿಯದು.

ಗಣಕದ ದತ್ತಸಂಚಯಗಳನ್ನು, ಎಂದರೆ ಡೇಟಾಬೇಸುಗಳನ್ನು ರೂಪಿಸಿದವರು ಈ ತೊಡಕಿಗೆ ಒಂದು ಉಪಾಯ ಮಾಡಿದರು. ಇಂದು ಬ್ಯಾಂಕು, ಶಾಲೆ, ರೈಲ್ವೆಗಳಲ್ಲಿ ಬಳಕೆಯಲ್ಲಿರುವ ಕೋಷ್ಟಕ ರೂಪದ ಡೇಟಾಬೇಸಿಗೆ ತಳಹದಿ ಹಾಕಿದವನು ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್. ಅವನ ಮೂಲ ಪ್ರಬಂಧ 1970ರದು. 1979ರ ಇನ್ನೊಂದು ಪ್ರಬಂಧದಲ್ಲಿ ಅವನು, ಇಲ್ಲದಿರುವ ಮಾಹಿತಿಯನ್ನು ಹೇಗೆ ನಡೆಸಿಕೊಳ್ಳಬೇಕೆಂಬುದನ್ನು ಚರ್ಚಿಸಿದನು. ಮನೆಯಲ್ಲಿ ಬೆಲೆ ಇಲ್ಲದಿದ್ದರೆ ಅಲ್ಲಿ ಒಂದು ವಿಶೇಷ ಗುರುತನ್ನಿಡಬೇಕು. ಆ ಗುರುತಿನ ಹೆಸರು ನಲ್.

ನಲ್ ಎಂಬುದನ್ನು ಕನ್ನಡದಲ್ಲಿ ಶೂನ್ಯ ಎಂದು ಅನುವಾದಿಸುವುದುಂಟು. ಈ ಅಂಕಣಕಾರನಿಗೆ ಅದು ಒಪ್ಪಿಗೆಯಿಲ್ಲ. ಶೂನ್ಯವೆಂದರೆ ಸೊನ್ನೆ, ಸೊನ್ನೆಯು ಒಂದು ಸಂಖ್ಯೆ. ಅದನ್ನು ಕೂಡಬಹುದು, ಕಳೆಯಬಹುದು, ಗುಣಿಸಬಹುದು. ಕ್ರಿ.ಶ. 628ರಲ್ಲಿಯೇ ಬ್ರಹ್ಮಗುಪ್ತನು ಅದರ ನಿಯಮಗಳನ್ನು ಬರೆದಿಟ್ಟನು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ, ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆ ಉಳಿಯುತ್ತದೆ ಎಂದನು. ಇಂದಿನ ಗಣಿತವು ಅದನ್ನು ಒಪ್ಪುವುದಿಲ್ಲ. ಅಲ್ಲಿ ಉತ್ತರವೇ ಇಲ್ಲವೆನ್ನುತ್ತದೆ. ಉತ್ತರವಿಲ್ಲದ ಕಡೆಯಲ್ಲಿ ಯಾವುದಾದರೊಂದು ಸಂಖ್ಯೆಯನ್ನು ಇಡಬೇಕೆಂಬ ಆಸೆ ಅಷ್ಟು ದೊಡ್ಡ ಪಂಡಿತನನ್ನೂ ಬಿಡಲಿಲ್ಲ. ನಲ್ ಎಂಬುದಕ್ಕೆ ನಮ್ಮಲ್ಲಿ ಅನುಕ್ತ, ಎಂದರೆ ಹೇಳದೆ ಉಳಿದದ್ದು, ಎಂಬ ಮಾತು ಹೆಚ್ಚು ಹೊಂದುತ್ತದೆ. ಇಲ್ಲಿ ನಲ್ ಎಂತಲೇ ಬರೆಯುತ್ತೇನೆ. ಓದುವಾಗ ಅನುಕ್ತವೆಂದು ತಿಳಿಯಿರಿ.

ಸೊನ್ನೆಗೂ ನಲ್‌ಗೂ ಇರುವ ಅಂತರವನ್ನು ಕೊಲ್ಹಾಪುರದ ಮಕ್ಕಳಿಗೆ ಕ್ರಿಕೆಟಿನಿಂದ ಹೇಳುವುದು ಸುಲಭ. ಕೊಲ್ಹಾಪುರದಲ್ಲಿಯೇ ಹುಟ್ಟಿದ ಭಾವುಸಾಹೇಬ ನಿಂಬಾಳಕರರು 1948ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ಪರವಾಗಿ ಕಾಠಿಯಾವಾಡದ ಎದುರು ಆಡಿ, ಔಟಾಗದೆ 443 ರನ್ ಹೊಡೆದರು. ಬ್ರಾಡ್ಮನ್ನರ 452ರ ದಾಖಲೆಗೆ ಒಂಬತ್ತೇ ರನ್ ಕಡಿಮೆ. ಎದುರಾಳಿ ನಾಯಕರಾದ ರಾಜಕೋಟದ ಠಾಕೋರ್ ಸಾಹೇಬರು ಆಟ ಮುಂದುವರಿಸಲು ಒಪ್ಪದ ಕಾರಣ ಆ ಇನಿಂಗ್ಸು ಅಲ್ಲಿಗೇ ನಿಂತಿತು. ಇಷ್ಟೆಲ್ಲ ಆಡಿದ ನಿಂಬಾಳಕರರಿಗೆ ಅಧಿಕೃತ ಟೆಸ್ಟ್ ಪಂದ್ಯವೊಂದನ್ನೂ ಆಡುವ ಅವಕಾಶ ದೊರೆಯಲಿಲ್ಲ. ಈಗ ಪ್ರಶ್ನೆ: ಅವರ ಟೆಸ್ಟ್ ಸರಾಸರಿ ಎಷ್ಟು? ಯಾವನಾದರೂ ಅಲ್ಲಿ 0 ಎಂದು ಬರೆದರೆ, ಅವರು ಟೆಸ್ಟ್ ಆಡಿ ಒಂದು ರನ್ನನ್ನೂ ಹೊಡೆಯದೆ ಔಟಾದರೆಂದು ಅರ್ಥವಾಗುತ್ತದೆ. ಅದು ಸುಳ್ಳು, ಒಬ್ಬ ದೊಡ್ಡ ಆಟಗಾರನಿಗೆ ಮಾಡಿದ ಅಪಚಾರವೂ ಹೌದು. ಅಲ್ಲಿ ಇರಬೇಕಾದದ್ದು ಖಾಲಿ ಮನೆ. ಅಂಕಪಟ್ಟಿ ಬರೆಯುವವರು ಬ್ಯಾಟ್ ಮಾಡಲಿಲ್ಲ ಎಂಬುದನ್ನು ಸೊನ್ನೆಯಿಂದ ಬೇರೆಯಾಗಿ ಬರೆಯುವ ಪದ್ಧತಿಯು ಗಣಕಗಳು ಹುಟ್ಟುವುದಕ್ಕಿಂತ ಹಳೆಯದು.

ಇಲ್ಲಿ ಒಂದು ಸೂಕ್ಷ್ಮವಿದೆ. ನಿಂಬಾಳಕರರ ಟೆಸ್ಟ್ ಸರಾಸರಿಯು ಯಾರಿಗೋ ಗೊತ್ತಿದ್ದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ. ಅಂಥದೊಂದು ಸಂಗತಿಯೇ ಇಲ್ಲ. ಹಳ್ಳಿಯ ಮಗುವಿನ ಜನ್ಮದಿನಾಂಕ ಹಾಗಲ್ಲ. ದಿನಾಂಕವೊಂದು ಖಂಡಿತವಾಗಿ ಇದೆ, ನಮಗೆ ಗೊತ್ತಿಲ್ಲ. ಕಾಡ್ ಈ ಎರಡನ್ನೂ ಬೇರೆ ಬೇರೆ ಗುರುತುಗಳಿಂದ ತೋರಿಸಬೇಕೆಂದು ಮುಂದೆ ವಾದಿಸಿದನು. ಆದರೆ ಡೇಟಾಬೇಸಿನೊಡನೆ ಮಾತನಾಡಲು ಬಳಸುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಉಳಿದದ್ದು ಒಂದೇ ಗುರುತು. ಅವನ ಸಹೋದ್ಯೋಗಿಯಾಗಿದ್ದ ಕ್ರಿಸ್ ಡೇಟ್ ಎಂಬವರಂತೂ ನಲ್ ಎಂಬುದೇ ಬೇಡವೆಂದು ಇಡೀ ಜೀವನ ವಾದಿಸಿದವರು. ವಿದ್ವಾಂಸರ ಆ ಜಗಳವನ್ನು ಅವರಿಗೇ ಬಿಡೋಣ. ನಲ್ ಇದೆ, ಅದರೊಡನೆ ಬಾಳುವುದನ್ನು ಕಲಿಯಬೇಕು.

ಬಾಳುವುದು ಕಷ್ಟವೇಕೆಂದರೆ, ನಲ್ ಬಂದೊಡನೆ ಹೌದು ಮತ್ತು ಅಲ್ಲ ಎಂಬ ಎರಡೇ ಉತ್ತರಗಳ ಲೋಕದಲ್ಲಿ ಮೂರನೆಯ ಉತ್ತರವೊಂದು ಹುಟ್ಟುತ್ತದೆ: ತಿಳಿಯದು. ಒಂದು ಶಾಲೆಯನ್ನು ಕಲ್ಪಿಸಿಕೊಳ್ಳಿರಿ. ಗಡಿಯ ಭಾಗದ ಶಾಲೆ. ಒಟ್ಟು 210 ಮಕ್ಕಳು. ಮಾತೃಭಾಷೆಯ ಮನೆಯಲ್ಲಿ 38 ಮಕ್ಕಳಿಗೆ ಕನ್ನಡ ಎಂದು ಬರೆದಿದೆ. 168 ಮಕ್ಕಳಿಗೆ ಮರಾಠಿ, ಉರ್ದು ಮುಂತಾದ ಭಾಷೆಗಳನ್ನು ಬರೆದಿದೆ. ನಾಲ್ಕು ಮಕ್ಕಳ ಮನೆ ಖಾಲಿ. ಈಗ ಡೇಟಾಬೇಸನ್ನು ಕೇಳಿರಿ: ಮಾತೃಭಾಷೆ ಕನ್ನಡವಾಗಿರುವ ಮಕ್ಕಳೆಷ್ಟು? 38 ಎನ್ನುತ್ತದೆ. ಮಾತೃಭಾಷೆ ಕನ್ನಡವಲ್ಲದ ಮಕ್ಕಳೆಷ್ಟು? 168 ಎನ್ನುತ್ತದೆ. ಕೂಡಿದರೆ 206. ನಾಲ್ವರು ಎಲ್ಲಿ ಹೋದರು?

ಎಲ್ಲಿಯೂ ಹೋಗಿಲ್ಲ. ಖಾಲಿ ಮನೆಯ ಮಗುವಿನ ಬಗೆಗೆ ಕನ್ನಡವೇ ಎಂದು ಕೇಳಿದರೆ ಉತ್ತರ ತಿಳಿಯದು. ಕನ್ನಡವಲ್ಲವೇ ಎಂದು ಕೇಳಿದರೂ ಉತ್ತರ ತಿಳಿಯದು. ಎಸ್‌ಕ್ಯೂಎಲ್ ತನ್ನ ಪಟ್ಟಿಗೆ ಸೇರಿಸುವುದು ಖಚಿತವಾಗಿ ಹೌದು ಎಂದು ಉತ್ತರ ಬಂದವರನ್ನು ಮಾತ್ರ. ಆದ್ದರಿಂದ ಆ ನಾಲ್ವರು ಎರಡೂ ಪಟ್ಟಿಗಳಿಂದ ಹೊರಗುಳಿದರು. ಇನ್ನೂ ವಿಚಿತ್ರವಾದ ಮಾತೆಂದರೆ, ಖಾಲಿ ಇರುವವರನ್ನು ಕೊಡು ಎಂಬರ್ಥದಲ್ಲಿ, ನಲ್‌ಗೆ ಸಮನಾಗಿರುವವರನ್ನು ಕೊಡು ಎಂದು ಕೇಳಿದರೂ ಒಬ್ಬನೂ ಬರುವುದಿಲ್ಲ. ಗೊತ್ತಿಲ್ಲದ ಒಂದು ಬೆಲೆಯು ಗೊತ್ತಿಲ್ಲದ ಇನ್ನೊಂದಕ್ಕೆ ಸಮವೇ ಎಂದರೆ ಯಾರು ಹೇಳಬಲ್ಲರು? ಅದಕ್ಕಾಗಿ ಸಮ ಎಂಬ ಚಿಹ್ನೆಯನ್ನು ಬಿಟ್ಟು, ಇಸ್ ನಲ್ ಎಂಬ ಬೇರೆಯೇ ಪ್ರಶ್ನೆಯನ್ನು ಬಳಸಬೇಕು. ಹೊಸದಾಗಿ ಕಲಿಯುವ ಮಗು ಇಲ್ಲಿ ಒಮ್ಮೆಯಾದರೂ ಎಡವುತ್ತದೆ. ಎಡವಿದರೆ ಒಳ್ಳೆಯದು, ಮರೆಯುವುದಿಲ್ಲ.

ಸರಾಸರಿಯಲ್ಲಿಯೂ ಹೀಗೆಯೇ. ಐದು ಮಕ್ಕಳಲ್ಲಿ ನಾಲ್ವರ ಅಂಕಗಳು 80, 70, 60, 50, ಐದನೆಯವನು ಗೈರುಹಾಜರು. ಎಸ್‌ಕ್ಯೂಎಲ್ ಸರಾಸರಿ ತೆಗೆಯುವಾಗ ಖಾಲಿ ಮನೆಯನ್ನು ಬಿಟ್ಟು 65 ಎನ್ನುತ್ತದೆ. ಗೈರಿಗೆ ಸೊನ್ನೆ ಹಾಕಿದರೆ 52. ಯಾವುದು ಸರಿ ಎಂಬುದು ನಾವು ಕೇಳಿದ ಪ್ರಶ್ನೆಯ ಮೇಲಿದೆ. ಆದರೆ ಐವರಲ್ಲಿ ನಾಲ್ವರು ಬರೆದರು ಎಂಬುದನ್ನು ಸೇರಿಸದೆ ಬರಿಯ 65ನ್ನು ಹೇಳುವುದು ಅರ್ಧ ಮಾತು.

ಇಲ್ಲಿಯವರೆಗೆ ಹೇಳಿದ್ದು ಡೇಟಾಬೇಸಿನ ಒಳಗಿನ ಕಥೆ. ಅಲ್ಲಿ ನಲ್ ಎಷ್ಟೇ ವಿಚಿತ್ರವಾಗಿ ವರ್ತಿಸಿದರೂ ಸುಳ್ಳು ಹೇಳುವುದಿಲ್ಲ. ನಿಜವಾದ ಅಪಾಯವಿರುವುದು ಡೇಟಾಬೇಸಿನಿಂದ ಮಾಹಿತಿಯನ್ನು ಪಡೆದು ಪರದೆಯ ಮೇಲೆ ತೋರಿಸುವ, ಬಿಲ್ಲು ಮುದ್ರಿಸುವ ಪ್ರೋಗ್ರಾಮಿನಲ್ಲಿ. ಇವೆರಡರ ನಡುವೆ ಒಂದು ಹೊಸ್ತಿಲಿದೆ. ಆ ಹೊಸ್ತಿಲನ್ನು ದಾಟುವಾಗ ನಲ್ ತನ್ನ ಗುರುತನ್ನು ಕಳೆದುಕೊಳ್ಳಬಹುದು.

ಕಬ್ಬಿನ ಉದಾಹರಣೆ ತೆಗೆದುಕೊಳ್ಳೋಣ. ದೀಪಾವಳಿಯ ನಂತರ ಹಂಗಾಮು ಆರಂಭವಾದರೆ ಕಾಗಲ ತಾಲೂಕಿನ ಬಿದ್ರಿಯಲ್ಲಿರುವ ದೂಧಗಂಗಾ ವೇದಗಂಗಾ ಸಹಕಾರಿ ಕಾರಖಾನೆಯ ದಾರಿಯಲ್ಲಿ ಕಬ್ಬಿನ ವಾಹನಗಳ ಸಾಲು ಯಾರಿಗೂ ಹೊಸದಲ್ಲ. ಯಾವ ಕಾರಖಾನೆಯೇ ಇರಲಿ, ತೂಕದ ಕ್ರಮ ಒಂದೇ. ಕಬ್ಬು ತುಂಬಿದ ವಾಹನವನ್ನು ಕಾಟಾದ ಮೇಲೆ ನಿಲ್ಲಿಸಿ ಭರ್ತಿ ತೂಕ ತೆಗೆಯುತ್ತಾರೆ. ಕಬ್ಬು ಇಳಿಸಿದ ಮೇಲೆ ಅದೇ ವಾಹನದ ಖಾಲಿ ತೂಕ ತೆಗೆಯುತ್ತಾರೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಕಬ್ಬಿನ ತೂಕ. ಭರ್ತಿ 24 ಟನ್, ಖಾಲಿ 8 ಟನ್ ಎಂದರೆ ಕಬ್ಬು 16 ಟನ್.

ಈಗ ಒಂದು ಕಾಲ್ಪನಿಕ ಪ್ರಸಂಗ. ಖಾಲಿ ವಾಹನವು ಕಾಟಾಕ್ಕೆ ಹಿಂದಿರುಗುವ ಹೊತ್ತಿಗೆ ವಿದ್ಯುತ್ತು ಹೋಯಿತು. ಖಾಲಿ ತೂಕದ ಮನೆಯಲ್ಲಿ ನಲ್ ಉಳಿಯಿತು. ಡೇಟಾಬೇಸಿನಲ್ಲಿಯೇ ಕಳೆದರೆ 24ರಿಂದ ತಿಳಿಯದ್ದನ್ನು ಕಳೆದದ್ದು ತಿಳಿಯದು, ಉತ್ತರವೂ ನಲ್. ಸರಿಯಾಗಿದೆ. ಆದರೆ ಜಾವಾ ಭಾಷೆಯಲ್ಲಿ ಬರೆದ ಪ್ರೋಗ್ರಾಮೊಂದು ಆ ಮನೆಯನ್ನು ಪೂರ್ಣಾಂಕವಾಗಿ ಓದಲು ಗೆಟ್‌ಇಂಟ್ ಎಂಬ ಆಜ್ಞೆಯನ್ನು ಬಳಸಿತೆನ್ನಿರಿ. ಜಾವಾದ ಪೂರ್ಣಾಂಕದ ಪೆಟ್ಟಿಗೆಯಲ್ಲಿ ನಲ್ ಇಡಲು ಸ್ಥಳವಿಲ್ಲ. ಆದ್ದರಿಂದ ಆ ಆಜ್ಞೆಯು ನಲ್ ಎದುರಾದಾಗ 0 ಕೊಡುತ್ತದೆ. ಇದು ದೋಷವಲ್ಲ, ಕೈಪಿಡಿಯಲ್ಲಿ ಹಾಗೆಯೇ ಬರೆದಿದೆ. ಓದಿದ ನಂತರ ವಾಸ್‌ನಲ್ ಎಂಬ ಇನ್ನೊಂದು ಆಜ್ಞೆಯಿಂದ, ಈಗ ಓದಿದ್ದು ನಿಜವಾದ ಸೊನ್ನೆಯೇ ನಲ್ಲೇ ಎಂದು ಕೇಳಬೇಕು. ಪ್ರೋಗ್ರಾಮು ಬರೆದವನು ಕೇಳಲು ಮರೆತನು. 24ರಲ್ಲಿ 0 ಕಳೆದು 24 ಟನ್. ಟನ್ನಿಗೆ 3,000 ರೂಪಾಯಿ ಎಂದು ಹಿಡಿದರೆ ಒಂದು ಖೇಪಿಗೆ 24,000 ರೂಪಾಯಿ ಹೆಚ್ಚು ಜಮೆಯಾಯಿತು. ರೈತನು ದೂರು ಕೊಡುವುದಿಲ್ಲ, ಏಕೆಂದರೆ ಅವನಿಗೆ ತಿಳಿದಿಲ್ಲ. ಲೆಕ್ಕ ತಪಾಸಣೆಯ ದಿನ ಆ ಹಣದ ವಸೂಲಿಗೆ ನೋಟೀಸು ಬಂದಾಗ ಅವನೇ ಕಳ್ಳನಂತೆ ನಿಲ್ಲಬೇಕಾಗುತ್ತದೆ.

ಇದೇ ಹೊಸ್ತಿಲಿನಲ್ಲಿ ಬೇರೆ ಭಾಷೆಗಳು ಬೇರೆ ರೀತಿ ನಡೆದುಕೊಳ್ಳುತ್ತವೆ. ಪೈಥಾನ್ ನಲ್‌ನ ಬದಲಿಗೆ ನನ್ ಎಂಬ ಗುರುತನ್ನು ಕೈಗೆ ಕೊಡುತ್ತದೆ. ಅದನ್ನು 24ರಿಂದ ಕಳೆಯಹೋದರೆ ದೋಷವೆಂದು ಸಾರಿ ಕೆಲಸ ನಿಲ್ಲಿಸುತ್ತದೆ. ಗೋ ಎಂಬ ಭಾಷೆಯೂ ಸಾಮಾನ್ಯ ಸಂಖ್ಯೆಯ ಪೆಟ್ಟಿಗೆಗೆ ನಲ್ ಸುರಿಯಲು ಒಪ್ಪದೆ ದೋಷ ತೋರಿಸುತ್ತದೆ. ಜಾವಾಸ್ಕ್ರಿಪ್ಟ್ ಮಾತ್ರ ಧಾರಾಳಿ. ನಲ್‌ಗೆ 5 ಕೂಡಿಸು ಎಂದರೆ ಮರುಮಾತಿಲ್ಲದೆ 5 ಎನ್ನುತ್ತದೆ. ಹೊಸಬರಿಗೆ ಹೀಗೆ ನಿಂತುಹೋಗುವ ಪ್ರೋಗ್ರಾಮು ಕೆಟ್ಟದ್ದೆನಿಸುತ್ತದೆ, ಹೇಗೋ ನಡೆದುಹೋಗುವುದು ಒಳ್ಳೆಯದೆನಿಸುತ್ತದೆ. ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧ. ಕೂಗಿ ನಿಲ್ಲುವ ಪ್ರೋಗ್ರಾಮನ್ನು ಅಂದೇ ಸರಿಪಡಿಸುತ್ತಾರೆ. ಮೌನವಾಗಿ ಸೊನ್ನೆ ಹಾಕುವುದನ್ನು ಹಂಗಾಮು ಮುಗಿದರೂ ಯಾರೂ ಗಮನಿಸುವುದಿಲ್ಲ.

ಪ್ರೋಗ್ರಾಮಿಂಗ್ ಭಾಷೆಗಳಲ್ಲಿರುವ ನಲ್ ಡೇಟಾಬೇಸಿನ ನಲ್‌ಗೆ ದಾಯಾದಿ ಮಾತ್ರ, ಅದೇ ಅಲ್ಲ. ಅದನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಎಂಬ ಭಾಷೆಗೆ ಸೇರಿಸಿದವರು ಇಂಗ್ಲೆಂಡಿನ ಟೋನಿ ಹೋರ್. 2009ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ಅವರು ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು ಒಪ್ಪಿಕೊಂಡರು. ಸೇರಿಸುವುದು ಸುಲಭವಾಗಿತ್ತು, ಆದ್ದರಿಂದ ಸೇರಿಸಿದೆ ಎಂಬುದು ಅವರು ಕೊಟ್ಟ ಕಾರಣದ ತಾತ್ಪರ್ಯ. ಆ ತಪ್ಪಿನಿಂದ ಕಲಿತ ಕೋಟ್ಲಿನ್, ಸ್ವಿಫ್ಟ್, ರಸ್ಟ್ ಮುಂತಾದ ಹೊಸ ಭಾಷೆಗಳು ಖಾಲಿ ಇರಬಹುದಾದ ಪೆಟ್ಟಿಗೆಗೆ ಮೊದಲೇ ಬೇರೆ ಗುರುತನ್ನು ಹಚ್ಚಿಸುತ್ತವೆ. ಅಂಥ ಪೆಟ್ಟಿಗೆಯನ್ನು ಖಾಲಿಯೇ ಎಂದು ನೋಡದೆ ಬಳಸಲು ಹೊರಟರೆ ಪ್ರೋಗ್ರಾಮು ಚಾಲನೆಗೆ ಬರುವ ಮುನ್ನವೇ ತಡೆಯುತ್ತವೆ. ಮೊಬೈಲಿನ ಆ್ಯಪ್ ಬರೆಯಲು ಬಯಸುವ ಮಕ್ಕಳು ಕೋಟ್ಲಿನ್ ಕಲಿತರೆ ಈ ಶಿಸ್ತು ತಾನಾಗಿಯೇ ಬರುತ್ತದೆ.

ನಗು ಬರಿಸುವ ಪ್ರಸಂಗವೂ ಒಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗಣಕ ಭದ್ರತೆಯ ಸಂಶೋಧಕನೊಬ್ಬನು ತನ್ನ ಕಾರಿಗೆ ನಲ್ ಎಂಬ ಅಕ್ಷರಗಳ ನಂಬರ್ ಪ್ಲೇಟನ್ನು ವಿನೋದಕ್ಕಾಗಿ ಪಡೆದನು. ಪರಿಣಾಮವಾಗಿ, ನಂಬರನ್ನು ಬರೆಯದೆ ಬಿಟ್ಟ ಬೇರೆ ವಾಹನಗಳ ದಂಡದ ಚೀಟಿಗಳೆಲ್ಲ ಅವನ ಮನೆಗೆ ಬರತೊಡಗಿದವು. ಮೊತ್ತವು 12,000 ಡಾಲರನ್ನು ಮೀರಿತು. 2019ರಲ್ಲಿ ಅವನೇ ಇದನ್ನು ಸಭೆಯಲ್ಲಿ ವಿವರಿಸಿದನು. ಖಾಲಿ ಎಂಬ ಗುರುತನ್ನೂ, ಖಾಲಿ ಎಂದು ಬರೆದ ಅಕ್ಷರಗಳನ್ನೂ ಯಾವುದೋ ಪ್ರೋಗ್ರಾಮು ಒಂದೇ ಎಂದು ತಿಳಿದಿತ್ತು.

ನಗು ಬರಿಸದ ಪ್ರಸಂಗವನ್ನು ಊಹಿಸಲು ನಾವು ದೂರ ಹೋಗಬೇಕಿಲ್ಲ. ಕೊಲ್ಹಾಪುರದ ರಾಜಾರಾಮ ಬಂಧಾರೆಯ ಬಳಿ ಪಂಚಗಂಗೆಯ ನೀರು 39 ಅಡಿಗೆ ಬಂದರೆ ಎಚ್ಚರಿಕೆ, 43 ಅಡಿಗೆ ಬಂದರೆ ಅಪಾಯ. 2019ರ ಆಗಸ್ಟಿನಲ್ಲಿ ಅದು 55 ಅಡಿಯನ್ನು ದಾಟಿತ್ತು. ಒಬ್ಬ ವಿದ್ಯಾರ್ಥಿಯು ತನ್ನ ಊರಿನ ಹಳ್ಳಕ್ಕೊಂದು ನೀರಳೆಯುವ ಯಂತ್ರವನ್ನು ಕೂಡಿಸಿ ಪ್ರೋಗ್ರಾಮು ಬರೆದನೆಂದು ಭಾವಿಸಿರಿ. ನೀರು ಅಪಾಯದ ಮಟ್ಟವನ್ನು ಮುಟ್ಟಿದ್ದರೆ ಗಂಟೆ ಬಾರಿಸು, ಇಲ್ಲದಿದ್ದರೆ ಸುರಕ್ಷಿತ ಎಂದು ತೋರಿಸು. ನೋಡಲು ನಿರ್ದೋಷವಾದ ಎರಡು ಸಾಲು. ಮಹಾಪೂರದ ರಾತ್ರಿ ವಿದ್ಯುತ್ತು ಹೋಗುತ್ತದೆ, ಯಂತ್ರವು ಕೊಚ್ಚಿಹೋಗುತ್ತದೆ. ಅಳತೆಯ ಮನೆಯಲ್ಲಿ ನಲ್ ಬಂದು ಕೂರುತ್ತದೆ. ನಲ್ ಅಪಾಯದ ಮಟ್ಟಕ್ಕಿಂತ ಹೆಚ್ಚೇ? ತಿಳಿಯದು. ತಿಳಿಯದು ಎಂಬುದು ಹೌದು ಅಲ್ಲ. ಆದ್ದರಿಂದ ಎಸ್‌ಕ್ಯೂಎಲ್ ಆಗಲಿ ಜಾವಾಸ್ಕ್ರಿಪ್ಟ್ ಆಗಲಿ ಇಲ್ಲದಿದ್ದರೆ ಎಂಬ ಸಾಲಿಗೆ ಇಳಿಯುತ್ತವೆ. ಪರದೆಯ ಮೇಲೆ ಸುರಕ್ಷಿತ ಎಂದು ಮೂಡುತ್ತದೆ. ಅಳತೆ ತಪ್ಪುವುದು ಯಾವಾಗ ಹೆಚ್ಚು ಸಂಭವವೋ ಅದೇ ಹೊತ್ತಿನಲ್ಲಿ ಪ್ರೋಗ್ರಾಮು ಜನರಿಗೆ ಮಲಗಿರೆಂದು ಹೇಳುತ್ತದೆ. ಬರೆಯಬೇಕಾದದ್ದು ಮೂರು ಸಾಲು: ಅಳತೆ ಬಂದಿಲ್ಲವಾದರೆ ಯಾರನ್ನಾದರೂ ನದಿಯ ಬಳಿಗೆ ಕಳುಹಿಸು, ಬಂದಿದ್ದು ಅಪಾಯದ ಮಟ್ಟದಲ್ಲಿದ್ದರೆ ಗಂಟೆ ಬಾರಿಸು, ಆಮೇಲೆ ಉಳಿದದ್ದು ಸುರಕ್ಷಿತ. ನಲ್‌ನ ಪ್ರಶ್ನೆ ಮೊದಲು ಬರಬೇಕು.

ಈಗ ಆ 210 ಮಕ್ಕಳ ಶಾಲೆಗೆ ಮರಳೋಣ. ಸಂವಿಧಾನದ 350ಎ ವಿಧಿಯು 1956ರ ಏಳನೆಯ ತಿದ್ದುಪಡಿಯಿಂದ ಬಂದದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಅದು ರಾಜ್ಯಗಳಿಗೆ ಹೇಳುತ್ತದೆ. ಅದಕ್ಕೂ ಮುನ್ನ, 1949ರ ಆಗಸ್ಟಿನಲ್ಲಿ, ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಒಂದು ಅಳತೆಯನ್ನು ಒಪ್ಪಿತ್ತು: ಆ ಭಾಷೆಯ ಮಕ್ಕಳು ಇಡೀ ಶಾಲೆಯಲ್ಲಿ 40 ಅಥವಾ ಒಂದು ವರ್ಗದಲ್ಲಿ 10 ಇದ್ದರೆ ಆ ಭಾಷೆಯ ಶಿಕ್ಷಕನೊಬ್ಬನನ್ನು ನೇಮಿಸಬೇಕು. ನಮ್ಮ ಕಾಲ್ಪನಿಕ ಶಾಲೆಯಲ್ಲಿ ಕನ್ನಡವೆಂದು ಬರೆದವರು 38. ಖಾಲಿ ಇರುವವರು ನಾಲ್ವರು. ಆ ನಾಲ್ವರಲ್ಲಿ ಇಬ್ಬರ ಮನೆಮಾತು ಕನ್ನಡವಾಗಿದ್ದರೆ ಶಿಕ್ಷಕ ಬರುತ್ತಾನೆ; ಇಲ್ಲದಿದ್ದರೆ ಇಲ್ಲ. ಅವರಿಬ್ಬರು ಕನ್ನಡದವರೇ ಎಂದು ನಾವು ಭಾವಿಸುವುದೂ ತಪ್ಪು. ಕೇಳಿ ತಿಳಿಯಬೇಕು.

ಆದರೆ ಪ್ರೋಗ್ರಾಮು ಬರೆದವನು ಎಲ್ಲ ಮನೆಗಳೂ ತುಂಬಿರಲೆಂದು, ಮಾತೃಭಾಷೆ ಬಿಟ್ಟಿದ್ದರೆ ರಾಜ್ಯದ ಭಾಷೆಯನ್ನು ತಾನಾಗಿ ತುಂಬು ಎಂದು ಒಂದು ಸಾಲು ಸೇರಿಸಿದ್ದರೆ? ಯಾವ ದುರುದ್ದೇಶವೂ ಇಲ್ಲ. ರಾಜ್ಯದಲ್ಲಿ ಹೆಚ್ಚಿನವರ ಭಾಷೆ ಅದೇ ಅಲ್ಲವೇ ಎಂಬ ಎಣಿಕೆ. ಆಗ ವರದಿಯಲ್ಲಿ ಕನ್ನಡ 38, ಇತರ 172, ಒಟ್ಟು 210. ಕೂಡಿಕೆ ಸರಿಯಾಗಿ ಹೊಂದುತ್ತದೆ. ಓದುವ ಅಧಿಕಾರಿಗೆ ಪ್ರಶ್ನೆ ಕೇಳಲು ಕಾರಣವೇ ಇಲ್ಲ. ಜೂನ್ 1ರ ಹಾಗೆಯೇ ಇದು. ಆ ನಾಲ್ವರು ಮರಾಠಿಯವರೆಂದು ಹೇಳಿದವರೋ, ಏನೂ ಹೇಳದವರೋ ಎಂಬುದು ಶಾಶ್ವತವಾಗಿ ಅಳಿಸಿಹೋಯಿತು. ಹೀಗೆ ತುಂಬುವ ಸಾಲು ಕರ್ನಾಟಕದಲ್ಲಿದ್ದರೆ ಅಲ್ಲಿನ ಮರಾಠಿ, ತುಳು, ಉರ್ದು ಮಕ್ಕಳಿಗೂ ಇದೇ ಅನ್ಯಾಯ. ನಲ್ ಅನ್ನು ನಲ್ ಆಗಿಯೇ ಉಳಿಸಿದ್ದರೆ ವರದಿಯಲ್ಲಿ 38, 168, ತಿಳಿಯದು 4 ಎಂದು ಮೂರು ಸಾಲಿರುತ್ತಿದ್ದವು. ಆ ಮೂರನೆಯ ಸಾಲನ್ನು ಕಂಡವರು ನಾಲ್ಕು ಮನೆಗಳ ಬಾಗಿಲು ತಟ್ಟಬಹುದಿತ್ತು.

ಹಾಗಾದರೆ ಯಾವ ಮನೆಯನ್ನೂ ಖಾಲಿ ಬಿಡಲು ಅವಕಾಶವೇ ಕೊಡಬಾರದೆಂದು ಕೆಲವರು ಹೇಳುತ್ತಾರೆ. ಡೇಟಾಬೇಸಿನಲ್ಲಿ ಅದಕ್ಕೂ ಆಜ್ಞೆಯುಂಟು. ನಾಟ್ ನಲ್ ಎಂದು ಬರೆದರೆ ಖಾಲಿ ಮನೆಯ ಅರ್ಜಿಯನ್ನು ಅದು ಸ್ವೀಕರಿಸುವುದೇ ಇಲ್ಲ. ಮಗುವಿನ ಹೆಸರು, ದಾಖಲಾತಿಯ ಸಂಖ್ಯೆ ಇಂಥವುಗಳಿಗೆ ಅದು ಅವಶ್ಯ. ರಕ್ತದ ಗುಂಪಿಗೆ ಅದನ್ನು ಹಾಕಿದರೆ ಏನಾಗುತ್ತದೆ? ಗೊತ್ತಿಲ್ಲದ ಪಾಲಕನು, ಅರ್ಜಿ ಮುಂದೆ ಹೋಗಲೆಂದು, ಯಾವುದೋ ಒಂದನ್ನು ಒತ್ತುತ್ತಾನೆ. ಬಲವಂತದ ಮನೆಯಲ್ಲಿ ಖಾಲಿಯ ಬದಲಿಗೆ ಸುಳ್ಳು ಸಿಗುತ್ತದೆ, ಅದೂ ಜೀವಕ್ಕೆ ಸಂಬಂಧಿಸಿದ ಸುಳ್ಳು. ನನ್ನ ರೂಢಿ ಹೀಗಿದೆ: ಉತ್ತರವು ಎಲ್ಲರಲ್ಲಿಯೂ ಖಂಡಿತವಾಗಿ ಇರುವ ಕಡೆಯಲ್ಲಿ ಮಾತ್ರ ಬಲವಂತ, ಉಳಿದ ಕಡೆ ಗೊತ್ತಿಲ್ಲ ಎಂದು ಒತ್ತಲು ಒಂದು ಗುಂಡಿ, ಮಹತ್ವದ ಮನೆಯಾದರೆ ಏಕೆ ಖಾಲಿ ಎಂಬುದಕ್ಕೆ ಪಕ್ಕದಲ್ಲಿ ಇನ್ನೊಂದು ಮನೆ. ಕೇಳಿಲ್ಲ, ಕೇಳಿದರೂ ಹೇಳಲಿಲ್ಲ, ಅನ್ವಯಿಸದು ಎಂಬ ಮೂರು ಕಾರಣಗಳು ಬಹುತೇಕ ಸಾಕು.

ಪ್ರೋಗ್ರಾಮಿನ ಹೊಸ್ತಿಲಿನಲ್ಲಿ ಮಾಡಬೇಕಾದದ್ದೂ ಬಹಳವಿಲ್ಲ. ಡೇಟಾಬೇಸಿನಿಂದ ಓದಿದೊಡನೆ, ಒಂದೇ ಸ್ಥಳದಲ್ಲಿ, ಖಾಲಿಯೇ ಎಂದು ನೋಡಿ ಏನು ಮಾಡಬೇಕೆಂದು ತೀರ್ಮಾನಿಸಬೇಕು. ಹತ್ತು ಕಡೆ ಹತ್ತು ತೀರ್ಮಾನ ಬೇಡ. ಕೋಅಲೆಸ್ ಎಂಬ ಆಜ್ಞೆಯು ನಲ್ ಇದ್ದಲ್ಲಿ ಬೇರೊಂದು ಬೆಲೆಯನ್ನು ತೋರಿಸುತ್ತದೆ. ಅದನ್ನು ಕಾಗದದ ಮೇಲೆ ಮುದ್ರಿಸುವಾಗ, ನಮೂದಿಲ್ಲ ಎಂಬಂಥ ಮಾತಿಗಾಗಿ ಬಳಸಬಹುದು. ಲೆಕ್ಕದ ನಡುವೆ ಸೊನ್ನೆಗಾಗಿ ಬಳಸುವಾಗ ಎರಡು ಸಲ ಯೋಚಿಸಬೇಕು. ಅದರ ಫಲವನ್ನು ಮತ್ತೆ ಡೇಟಾಬೇಸಿಗೆ ಬರೆಯಲೇಬಾರದು. ಮೊತ್ತ ತೆಗೆದ ಕಡೆಯಲ್ಲೆಲ್ಲ, ಎಷ್ಟು ಸಾಲುಗಳಿದ್ದವು ಮತ್ತು ಎಷ್ಟರಲ್ಲಿ ಬೆಲೆಯಿತ್ತು ಎಂಬ ಎರಡು ಎಣಿಕೆಗಳನ್ನು ಜೊತೆಗೆ ತೆಗೆಯುವುದು ಒಳ್ಳೆಯದು. ಎಸ್‌ಕ್ಯೂಎಲ್‌ನ ಕೌಂಟ್ ಆಜ್ಞೆಗೆ ನಕ್ಷತ್ರವನ್ನು ಕೊಟ್ಟರೆ ಎಲ್ಲ ಸಾಲುಗಳನ್ನೂ ಎಣಿಸುತ್ತದೆ. ಕಾಲಮಿನ ಹೆಸರು ಕೊಟ್ಟರೆ ತುಂಬಿದ ಮನೆಗಳನ್ನು ಮಾತ್ರ ಎಣಿಸುತ್ತದೆ. ಎರಡರ ವ್ಯತ್ಯಾಸವೇ ನಮಗೆ ಬೇಕಾದ ಸುದ್ದಿ.

ಮನೆಯಲ್ಲಿ ಪೈಥಾನ್ ಇರುವ ಮಕ್ಕಳಿಗೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸು ಅದರ ಜೊತೆಗೇ ಬಂದಿರುತ್ತದೆ. ಬೇರೆ ಏನನ್ನೂ ತರಬೇಕಿಲ್ಲ. ಒಬ್ಬ ರೈತನ ಮೂರು ಖೇಪುಗಳ ಕೋಷ್ಟಕವನ್ನು ಮಾಡಿರಿ. ಕಬ್ಬಿನ ತೂಕ ಮೊದಲನೆಯದರಲ್ಲಿ 16, ಎರಡನೆಯದರಲ್ಲಿ ನಲ್, ಮೂರನೆಯದರಲ್ಲಿ 15. ಗಣಕವನ್ನು ಕೇಳುವ ಮುನ್ನ ಉತ್ತರಗಳನ್ನು ವಹಿಯಲ್ಲಿ ಬರೆದುಕೊಳ್ಳಿರಿ: ಒಟ್ಟು ಮೊತ್ತ ಎಷ್ಟು ಬರುತ್ತದೆ, ಸರಾಸರಿ ಎಷ್ಟು, ಎರಡು ಬಗೆಯ ಎಣಿಕೆಗಳು ಎಷ್ಟೆಷ್ಟು, 15ಕ್ಕೆ ಸಮವಲ್ಲದ ಖೇಪುಗಳು ಎಷ್ಟು. ಆಮೇಲೆ ಎರಡನೆಯ ಖೇಪಿಗೆ ನಲ್ ತೆಗೆದು 0 ಬರೆದು, ಅವೇ ಪ್ರಶ್ನೆಗಳನ್ನು ಮತ್ತೆ ಕೇಳಿರಿ. ಯಾವ ಉತ್ತರ ಬದಲಾಗುವುದಿಲ್ಲವೋ ಅದನ್ನು ಗುರುತುಮಾಡಿ ಇಟ್ಟುಕೊಳ್ಳಿರಿ. ಮುಂದಿನ ವಾರ ಅಲ್ಲಿಂದಲೇ ಆರಂಭಿಸೋಣ.